ಎಣಿಸಿದರೆ ಕಾಣುವುದು: ಸುಪ್ತ ಪೂರ್ವಗ್ರಹದ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಬಿ.ಎಡ್. ಓದುತ್ತಿರುವ ಗೆಳೆಯ ಗೆಳತಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶೈಕ್ಷಣಿಕ ಮನೋವಿಜ್ಞಾನದಲ್ಲಿ ಪೂರ್ವಗ್ರಹದ ವಿಷಯ ಬರುವುದು ನಾಲ್ಕೈದು ಪುಟ ಅಷ್ಟೆ. ವ್ಯಾಖ್ಯೆ, ಎರಡು ಉದಾಹರಣೆ, ನಿವಾರಣೆಯ ಉಪಾಯಗಳು, ಇಷ್ಟು ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ. ನಾನೂ ಹಾಗೇ ಓದಿದ್ದೆ. ಇಂಟರ್ನ್‌ಶಿಪ್ ಅಂತ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಹೋಗಿ ಬಂದ ಮೇಲೆ ಅದೇ ಪುಟಗಳನ್ನು ಇನ್ನೊಂದು ಸಲ ಓದಿದೆ. ಆಗ ಅರ್ಥವಾದದ್ದು ಈ ಟಿಪ್ಪಣಿಯಲ್ಲಿದೆ.

ಮೊದಲು ಪದ. ಪೂರ್ವ ಅಂದರೆ ಮುಂಚೆ, ಗ್ರಹ ಅಂದರೆ ಹಿಡಿಯುವುದು. ಎದುರಿನ ಮನುಷ್ಯ ಬಾಯಿ ತೆರೆಯುವ ಮುಂಚೆಯೇ ನಾವು ಅವನ ಬಗ್ಗೆ ಹಿಡಿದುಕೊಂಡ ತೀರ್ಮಾನ. ಇದರಲ್ಲಿ ಗೊತ್ತಿದ್ದೇ ಇಟ್ಟುಕೊಂಡದ್ದು ಒಂದು ಬಗೆ. 'ಅವರ ಮನೆಗೆ ನಾನು ಹೋಗುವುದಿಲ್ಲ' ಎಂದು ಬಾಯಿಬಿಟ್ಟು ಹೇಳುವವರದು ಆ ಬಗೆ. ಇನ್ನೊಂದು ಸುಪ್ತವಾದದ್ದು. ಕೇಳಿದರೆ 'ನನಗೆ ಎಲ್ಲ ಮಕ್ಕಳೂ ಒಂದೇ' ಎಂದು ಮನಸಾರೆ ಹೇಳುತ್ತೇವೆ, ಅದು ಸುಳ್ಳೂ ಅಲ್ಲ, ಆದರೆ ಕೈ ಬೇರೆ ಬರೆದಿರುತ್ತದೆ. ಈ ಟಿಪ್ಪಣಿ ಎರಡನೆಯದರ ಬಗ್ಗೆ.

ನನ್ನ ಕೈ ಏನು ಬರೆದಿತ್ತು ಎಂಬುದನ್ನೇ ಮೊದಲು ಹೇಳುತ್ತೇನೆ.

ಎಂಟನೇ ತರಗತಿಯಲ್ಲಿ ಕೊನೆಯ ಬೆಂಚಿನ ಒಬ್ಬ ಹುಡುಗ. ಹಾವೇರಿ ಕಡೆಯಿಂದ ಅಡಿಕೆ ಕೆಲಸಕ್ಕೆ ಬಂದ ಸಂಸಾರದವನು. ಡಿಸೆಂಬರ್ ತಿಂಗಳು, ಕೊಯ್ಲಿನ ಭರಾಟೆ. ಅವನು ಮೊದಲ ಪೀರಿಯಡ್‌ನಲ್ಲೇ ತೂಕಡಿಸುತ್ತಿದ್ದ. ಪ್ರಶ್ನೆ ಕೇಳಿದರೆ 'ಗೊತ್ತೈತ್ರಿ ಬಿಡ್ರಿ ಅಕ್ಕೋರ' ಅನ್ನುತ್ತಿದ್ದ. ನಾವು ಮಲೆನಾಡಿನವರು ಕೊರಳು ತಗ್ಗಿಸಿ, ಮಾತು ಎಳೆದು ಆಡುವವರು. ನನ್ನ ಕಿವಿಗೆ ಅವನ ಏರುದನಿ, ಅದರ ಮೇಲೊಂದು 'ಬಿಡ್ರಿ', ಎರಡೂ ಸೇರಿ ತಿರಸ್ಕಾರದಂತೆ ಕೇಳಿತು. ಆ ದಿನದ ದಿನಚರಿಯಲ್ಲಿ ಹೀಗೆ ಬರೆದೆ: 'ಕಲಿಕೆಯಲ್ಲಿ ಆಸಕ್ತಿ ಇಲ್ಲ. ಉಡಾಫೆ.' ಅದೇ ವಾರ ಎರಡನೇ ಬೆಂಚಿನ ಒಬ್ಬಳು ಹುಡುಗಿ, ಊರಿನ ತೋಟದ ಮನೆಯವಳು, ಅದೇ ಪೀರಿಯಡ್‌ನಲ್ಲಿ ಡೆಸ್ಕಿನ ಮೇಲೆ ತಲೆ ಇಟ್ಟಿದ್ದಳು. ಅವಳ ಬಗ್ಗೆ ಬರೆದದ್ದು: 'ಹುಷಾರಿಲ್ಲವೇನೋ, ಕೇಳಬೇಕು.'

ಎರಡು ಸಾಲಿಗೂ ನಡುವೆ ಮೂರು ದಿನದ ಅಂತರ. ಬರೆಯುವಾಗ ಎರಡೂ ಸರಿಯಾಗಿಯೇ ಕಂಡವು. ತಿಂಗಳ ಕೊನೆಗೆ ದಿನಚರಿಗೆ ಸಹಿ ಹಾಕಿಸಲು ಹಾಳೆ ತಿರುವುತ್ತಿದ್ದಾಗ ಒಂದರ ಪಕ್ಕ ಒಂದು ಕಣ್ಣಿಗೆ ಬಿದ್ದವು. ನಿದ್ದೆ ಒಂದೇ. ಒಬ್ಬಳಿಗೆ ಕಾರಣ ಹುಡುಕಿದ್ದೆ, ಇನ್ನೊಬ್ಬನಿಗೆ ಸ್ವಭಾವ ಅಂಟಿಸಿದ್ದೆ.

ಮನೋವಿಜ್ಞಾನಿಗಳು ಇದನ್ನು ಕಾರಣಾರೋಪದ ದೋಷ ಎನ್ನುತ್ತಾರೆ. 'ಮೂಲಭೂತ' ಎಂಬ ವಿಶೇಷಣ ಸೇರಿಸಿ ಅದಕ್ಕೆ ಹೆಸರು ಕೊಟ್ಟವರು ಲೀ ರಾಸ್, 1977ರಲ್ಲಿ. ಬೇರೆಯವರ ನಡವಳಿಕೆಗೆ ಅವರ ಗುಣವನ್ನು ಹೊಣೆ ಮಾಡುತ್ತೇವೆ, ಅವರ ಪರಿಸ್ಥಿತಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮದೇ ತಪ್ಪಿಗಾದರೆ ಪರಿಸ್ಥಿತಿ ತಟ್ಟನೆ ನೆನಪಾಗುತ್ತದೆ: ಬಸ್ಸು ತಪ್ಪಿತು, ಮಳೆ ಹಿಡಿಯಿತು. ನಮ್ಮವರು ಅಂದುಕೊಂಡವರಿಗೂ ಈ ರಿಯಾಯಿತಿ ಸಿಗುತ್ತದೆ. ನಮ್ಮ ಜಿಲ್ಲೆಯವರಿಗೆ ಇದನ್ನು ನೆನಪಿಡಲು ಒಂದು ದಾರಿ ಇದೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ರೈತ ಸತ್ಯಾಗ್ರಹದ ಕಿಡಿಗಳಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಜಗಳವೂ ಒಂದು. ಅಳೆಯುವವನ ಕೈಯಲ್ಲಿ ಕೊಳಗ ಇರುತ್ತದೆ, ಅದು ದೊಡ್ಡದೋ ಚಿಕ್ಕದೋ ಎಂಬ ಪ್ರಶ್ನೆ ಅವನಿಗೆ ಏಳುವುದೇ ಇಲ್ಲ. ದಿನಚರಿ ಬರೆಯುವಾಗ, ಅಂಕ ಹಾಕುವಾಗ ಕೊಳಗ ನಮ್ಮ ಕೈಯಲ್ಲಿದೆ.

ಆ ಹುಡುಗನ ತಾಯಿಯನ್ನು ಭೇಟಿಯಾದದ್ದು ಪೋಷಕರ ಸಭೆಯಲ್ಲಲ್ಲ, ಸಂಜೆ ಬಸ್ಸಿಗೆ ಕಾಯುವಾಗ. 'ರಾತ್ರಿ ಹನ್ನೊಂದರತನಕ ಅಡಿಕಿ ಸುಲಿಯೂದು ಇರ್ತೈತ್ರಿ ಅಕ್ಕೋರ. ಸಣ್ಣ ಕೂಸು ಐತಿ, ಅದನ್ನ ಅವನ ನೋಡ್ಕೋತಾನ' ಅಂದರು. ಸುಲಿದ ಅಡಿಕೆಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಕೈ ನಿಂತರೆ ಕೂಲಿ ನಿಲ್ಲುತ್ತದೆ. ನಾನು ಅಡಿಕೆ ಸುಲಿಯುವ ಅಂಗಳಗಳ ನಡುವೆಯೇ ಬೆಳೆದವಳು. ಸುಗ್ಗಿಯಲ್ಲಿ ಎಷ್ಟು ಹೊತ್ತಿನವರೆಗೆ ದೀಪ ಉರಿಯುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗೊತ್ತಿದ್ದ ಸಂಗತಿ ಬೇಕಾದ ಹೊತ್ತಿಗೆ ನೆನಪಿಗೆ ಬರಲಿಲ್ಲ. ಸುಪ್ತ ಪೂರ್ವಗ್ರಹದ ಕೆಲಸವೇ ಇದು ಎಂದು ನನಗೆ ಅನಿಸುತ್ತದೆ. ಅದು ಸುಳ್ಳು ಹೇಳುವುದಿಲ್ಲ, ನಮಗೆ ಗೊತ್ತಿರುವ ನಿಜವನ್ನು ಆ ಕ್ಷಣಕ್ಕೆ ಮುಚ್ಚಿಡುತ್ತದೆ.

'ಬಿಡ್ರಿ' ಬಗ್ಗೆಯೂ ಒಂದು ಮಾತು. ಆ ಕಡೆಯ ಮಾತಿನಲ್ಲಿ 'ರಿ' ಗೌರವಸೂಚಕ. ಅವನು ಒಂದೇ ವಾಕ್ಯದಲ್ಲಿ ಎರಡು ಸಲ ಗೌರವ ಕೊಟ್ಟಿದ್ದ, 'ಅಕ್ಕೋರ' ಸೇರಿದರೆ ಮೂರು. ನಾನು ಅದನ್ನೇ ಉಡಾಫೆ ಎಂದು ಬರೆದಿದ್ದೆ. ಜಾತಿ, ಧರ್ಮ, ಲಿಂಗದ ಪೂರ್ವಗ್ರಹದ ಬಗ್ಗೆ ನಾವು ಅಷ್ಟಿಷ್ಟು ಓದುತ್ತೇವೆ. ಕನ್ನಡದೊಳಗೇ ಕಿವಿಗೆ ಇರುವ ಪೂರ್ವಗ್ರಹವನ್ನು ಯಾವ ಪಠ್ಯದಲ್ಲೂ ನಾನು ಓದಿರಲಿಲ್ಲ. ಶಿವಮೊಗ್ಗದಲ್ಲಿ ಪಾಠ ಮಾಡುವವರಿಗೆ ಇದು ಬಹಳ ಮುಖ್ಯ, ಏಕೆಂದರೆ ನಮ್ಮ ತರಗತಿಗಳಲ್ಲಿ ಈಗ ಮೂರ್ನಾಲ್ಕು ಬಗೆಯ ಕನ್ನಡ ಕೂತಿರುತ್ತದೆ.

ಇನ್ನು ಸಿದ್ಧಾಂತದ ಭಾಗ. 1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಪ್ರಕಟಿಸಿದ ಲೇಖನ ನಮ್ಮ ಪಠ್ಯದಲ್ಲಿ ಹಾಲೋ ಎಫೆಕ್ಟ್ ಅಥವಾ ಪ್ರಭಾವಳಿ ಪರಿಣಾಮ ಎಂದು ಬರುತ್ತದೆ. ಅಮೆರಿಕದ ಸೇನಾಧಿಕಾರಿಗಳು ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಇವಕ್ಕೆ ಬೇರೆ ಬೇರೆಯಾಗಿ ಅಂಕ ಕೊಡಬೇಕಿತ್ತು. ಕೊಟ್ಟ ಅಂಕಗಳು ನಂಬಲಾಗದಷ್ಟು ಒಂದಕ್ಕೊಂದು ಹೊಂದಿಕೊಂಡಿದ್ದವು. ಒಂದು ಗುಣ ಚೆನ್ನಾಗಿ ಕಂಡರೆ ಉಳಿದವೂ ಅದರ ಬೆಳಕಿನಲ್ಲಿ ಹೊಳೆಯುತ್ತಿದ್ದವು, ದೇವರ ಮೂರ್ತಿಯ ಹಿಂದಿನ ಪ್ರಭಾವಳಿಯ ಹಾಗೆ. ಗಮನಿಸಿ, ಆ ಅಧಿಕಾರಿಗಳಲ್ಲಿ ಯಾರನ್ನು ಕೇಳಿದರೂ 'ನಾನು ಬೇರೆ ಬೇರೆಯಾಗಿಯೇ ಯೋಚಿಸಿದೆ' ಎಂದೇ ಹೇಳುತ್ತಿದ್ದರೇನೋ. ದೋಷ ಸಿಕ್ಕಿದ್ದು ಅಂಕಗಳ ಪಟ್ಟಿಯಲ್ಲಿ.

ಇದೇ ನನಗೆ ಈ ಘಟಕದ ಜೀವಾಳ. ಸುಪ್ತ ಪೂರ್ವಗ್ರಹವನ್ನು ಆತ್ಮಪರೀಕ್ಷೆ ಮಾಡಿಕೊಂಡು ಹಿಡಿಯಲು ಆಗುವುದಿಲ್ಲ, ಬರೆದಿಟ್ಟದ್ದನ್ನು ಎಣಿಸಿ ಹಿಡಿಯಬೇಕು. 2002ರಲ್ಲಿ ಎಮಿಲಿ ಪ್ರೋನಿನ್ ಮತ್ತು ಸಂಗಡಿಗರು ತೋರಿಸಿದ್ದೂ ಇದಕ್ಕೆ ಹತ್ತಿರದ್ದು: ಪೂರ್ವಗ್ರಹಗಳ ಪಟ್ಟಿ ಕೊಟ್ಟು ಕೇಳಿದರೆ ಜನ ಅವು ತಮಗಿಂತ ಬೇರೆಯವರಲ್ಲೇ ಹೆಚ್ಚು ಎಂದು ಹೇಳುತ್ತಾರೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅನ್ನುವ ಗಾದೆಯನ್ನು ನಾವು ಬೇರೆಯವರ ಮಾತಿಗೆ ಮಾತ್ರ ಅನ್ವಯಿಸುತ್ತೇವೆ. ನಮ್ಮ ಕಣ್ಣಿಗೂ ಅದು ಅನ್ವಯಿಸುತ್ತದೆ.

ನಮ್ಮ ದೇಶದಲ್ಲೇ ನಡೆದ ಮೂರು ಅಧ್ಯಯನಗಳು ಇದನ್ನು ಸ್ಪಷ್ಟ ಮಾಡುತ್ತವೆ. ಪರೀಕ್ಷೆಯ ಉತ್ತರದಲ್ಲಿ ಬರೆಯಲು ಇವೇ ಒಳ್ಳೆಯವು. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಖಾಸಗಿ ಕಂಪನಿಗಳ 548 ಉದ್ಯೋಗ ಜಾಹೀರಾತುಗಳಿಗೆ ಕಳಿಸಿದ 4,808 ಅರ್ಜಿಗಳ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಹತೆ ಸಮಾನವಾಗಿದ್ದರೂ ದಲಿತ ಮತ್ತು ಮುಸ್ಲಿಂ ಹೆಸರಿನ ಅರ್ಜಿದಾರರಿಗೆ ಸಂದರ್ಶನಕ್ಕೆ ಕರೆ ಬರುವ ಸಾಧ್ಯತೆ ಕಡಿಮೆಯಾಗಿತ್ತು. ಒಂದು ಅರ್ಜಿ ತಿರಸ್ಕಾರವಾದರೆ ಕಾರಣ ನೂರು ಇರಬಹುದು. ಸಾವಿರಗಟ್ಟಲೆ ಅರ್ಜಿಗಳನ್ನು ಒಟ್ಟಿಗೆ ಇಟ್ಟಾಗ ಮಾತ್ರ ಓರೆ ಕಾಣುತ್ತದೆ.

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದಲ್ಲಿ 6 ಮತ್ತು 7ನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಜಾತಿಯ ಮಾತೇ ಎತ್ತದಿದ್ದಾಗ ಮೇಲ್ಜಾತಿ, ಕೆಳಜಾತಿ ಎನಿಸಿಕೊಂಡ ಹುಡುಗರ ನಡುವೆ ವ್ಯತ್ಯಾಸ ಇರಲಿಲ್ಲ. ಎಲ್ಲರೆದುರು ಹೆಸರು, ಊರು, ತಂದೆ ಮತ್ತು ಅಜ್ಜನ ಹೆಸರು, ಜಾತಿ ಓದಿ ಹೇಳಿದ ಮೇಲೆ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಇಳಿಯಿತು. ವಿದ್ಯಾರ್ಥಿವೇತನಕ್ಕೆಂದು ಪಟ್ಟಿ ಮಾಡುವಾಗ ತರಗತಿಯಲ್ಲೇ 'ಈ ವರ್ಗದವರು ಎದ್ದು ನಿಲ್ಲಿ' ಅನ್ನುವ ಅಭ್ಯಾಸ ನೀವೂ ನೋಡಿರುತ್ತೀರಿ. ದಯವಿಟ್ಟು ನಾವು ಅದನ್ನು ಮಾಡುವುದು ಬೇಡ. ಆ ಮಾಹಿತಿ ದಾಖಲೆಯಲ್ಲೇ ಇರುತ್ತದೆ.

ಮೂರನೆಯದು ನಮಗೆ ನೇರ ಸಂಬಂಧಿಸಿದ್ದು. ರೇಮಾ ಹನ್ನಾ ಮತ್ತು ಲೀ ಲಿಂಡೆನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರ ಪತ್ರಿಕೆಗಳ ಮೇಲೆ ಮಗುವಿನ ವಯಸ್ಸು, ಲಿಂಗ, ಜಾತಿಯನ್ನು ಲಾಟರಿ ಎತ್ತಿದ ಹಾಗೆ ಹಾಕಲಾಗಿತ್ತು. ಕೆಳಜಾತಿ ಎಂದು ಬರೆದ ಪತ್ರಿಕೆಗಳಿಗೆ ಶಿಕ್ಷಕರು ಸ್ವಲ್ಪ ಕಡಿಮೆ ಅಂಕ ಕೊಟ್ಟರು. ಮನಸ್ಸು ಕಲಕುವ ಅಂಶ ಮುಂದಿದೆ: ಹೀಗೆ ಕಡಿಮೆ ಕೊಟ್ಟವರು ಹೆಚ್ಚಾಗಿ ಕೆಳಜಾತಿಯಿಂದಲೇ ಬಂದ ಶಿಕ್ಷಕರು. ಸಮಾಜ ಒಬ್ಬರ ಬಗ್ಗೆ ಹೇಳಿದ್ದನ್ನು ಅವರೂ ಕೇಳಿಸಿಕೊಂಡೇ ಬೆಳೆದಿರುತ್ತಾರೆ. 'ನಾನೇ ಅಲ್ಲಿಂದ ಬಂದವನು, ನನಗೆ ಆ ಪೂರ್ವಗ್ರಹ ಹೇಗೆ ಬಂದೀತು' ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಸುಪ್ತ ಒಲವನ್ನು ಅಳೆಯುವ ಐಎಟಿ (ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್) ಎಂಬ ಪರೀಕ್ಷೆಯ ಬಗ್ಗೆ ಪ್ರಶ್ನೆ ಬಂದರೆ ಚಿಕ್ಕದಾಗಿ ಬರೆಯಿರಿ. ಆಂಥೊನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ತಂದದ್ದು. ಈ ಕ್ಷೇತ್ರದಲ್ಲಿ ಅವರ ಜೊತೆ ದುಡಿದ ಮಹಜರೀನ್ ಬನಾಜಿ ಸಿಕಂದರಾಬಾದಿನಲ್ಲಿ ಹುಟ್ಟಿದವರು. ಎರಡು ಸಂಗತಿಗಳನ್ನು ಎಷ್ಟು ಬೇಗ ಜೋಡಿಸುತ್ತೇವೆ ಎಂಬುದನ್ನು ಅದು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತದೆ. ಆದರೆ ಅದೇ ವ್ಯಕ್ತಿಗೆ ಮತ್ತೊಮ್ಮೆ ಕೊಟ್ಟರೆ ಅಂಕ ಬದಲಾಗುವುದುಂಟು, ಹಾಗಾಗಿ ಒಬ್ಬರ ಹಣೆಗೆ ಚೀಟಿ ಅಂಟಿಸಲು ಅದನ್ನು ಬಳಸಬಾರದು.

ನಿವಾರಣೆಯ ಭಾಗದಲ್ಲಿ ಹೆಚ್ಚಿನವರು 'ಶಿಕ್ಷಕರು ಮನಸ್ಸನ್ನು ಶುದ್ಧವಾಗಿಟ್ಟುಕೊಳ್ಳಬೇಕು' ಎಂದು ಬರೆಯುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. 2016ರಲ್ಲಿ ಕ್ಯಾಲ್ವಿನ್ ಲಾಯ್ ಮತ್ತು ಅನೇಕರು ಸೇರಿ ಮನಸ್ಸಿನ ಸುಪ್ತ ಒಲವನ್ನು ಬದಲಿಸುವ 9 ವಿಧಾನಗಳನ್ನು ಪರೀಕ್ಷಿಸಿದರು. ಕೂಡಲೇ ಎಲ್ಲವೂ ಕೆಲಸ ಮಾಡಿದವು, ಕೆಲವು ಗಂಟೆ ಅಥವಾ ದಿನ ಕಳೆದ ಮೇಲೆ ಯಾವುದೂ ಉಳಿಯಲಿಲ್ಲ. ಆದ್ದರಿಂದ ಕೆಲಸ ಮಾಡುವ ಕ್ರಮವನ್ನೇ ಬದಲಿಸಬೇಕು. ಉತ್ತರ ಪತ್ರಿಕೆಯ ಹೆಸರಿನ ಜಾಗ ಮಡಚಿ ಪಿನ್ ಹಾಕಿ. ಒಂದು ಮಗುವಿನ ಪೂರ್ತಿ ಪತ್ರಿಕೆಯ ಬದಲು ಎಲ್ಲರ ಮೊದಲನೇ ಪ್ರಶ್ನೆ, ಆಮೇಲೆ ಎಲ್ಲರ ಎರಡನೇ ಪ್ರಶ್ನೆ ನೋಡಿ. ಆಗ ಒಂದು ಉತ್ತರದ ಪ್ರಭಾವಳಿ ಇನ್ನೊಂದರ ಮೇಲೆ ಬೀಳುವುದಿಲ್ಲ. ನಾನು ಹಳೆಯ ಕಿರುಪರೀಕ್ಷೆಯ ಕಟ್ಟನ್ನು ಹೀಗೆ ಮತ್ತೆ ನೋಡಿದೆ. ಶರಾವತಿ ನದಿಯ ಉಪಯೋಗಗಳ ಪ್ರಶ್ನೆಗೆ ಆ ಹುಡುಗ 'ಕರೆಂಟು ತಯಾರ ಮಾಡತಾರ' ಎಂದು ಬರೆದಿದ್ದ, ಕೆಳಗೆ ನನ್ನ ಕೆಂಪು ಗೆರೆ. 4ಕ್ಕೆ 2. ಅವೇ ಅಂಶಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದ ಇನ್ನೊಂದು ಪತ್ರಿಕೆಗೆ 3. ಅಂಕ ತಿದ್ದಿದೆ, ಅವನಿಗೂ ಹೇಳಿದೆ.

ದಿನಚರಿಯಲ್ಲಿ ಎರಡು ಕಾಲಂ ಮಾಡಿ: ಕಂಡದ್ದು, ಅನಿಸಿದ್ದು. 'ಬೆಳಿಗ್ಗೆ ತೂಕಡಿಸಿದ' ಕಂಡದ್ದು. 'ಉಡಾಫೆ' ಅನಿಸಿದ್ದು. ಎರಡನೇ ಕಾಲಂ ತುಂಬುವ ಮೊದಲು ಮಗುವನ್ನು ಒಂದು ಪ್ರಶ್ನೆ ಕೇಳಿ.

ಒಡನಾಟ ಹೆಚ್ಚಾದರೆ ಪೂರ್ವಗ್ರಹ ಕರಗುತ್ತದೆ ಎಂಬ ವಾದಕ್ಕೆ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಷರತ್ತು ಹಾಕಿದ್ದರು: ಸಮಾನ ಸ್ಥಾನ, ಒಂದೇ ಗುರಿ, ಸಹಕಾರ, ಮೇಲಿನವರ ಬೆಂಬಲ. ಮಲೆನಾಡಿನಲ್ಲಿ ತಲೆಮಾರುಗಳಿಂದ ಒಂದೇ ಅಂಗಳದಲ್ಲಿ ಒಡೆಯರೂ ಆಳುಗಳೂ ಇದ್ದಾರೆ, ಒಬ್ಬರು ಜಗಲಿಯ ಮೇಲೆ, ಇನ್ನೊಬ್ಬರು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ. ಅದು ಒಡನಾಟ ಹೌದು, ಸಮಾನ ಸ್ಥಾನದ್ದಲ್ಲ. ಉತ್ತರ ಪ್ರದೇಶದಲ್ಲಿ 2017ರಲ್ಲಿ ಕ್ರಿಕೆಟ್ ಲೀಗ್ ನಡೆಸಿದ ಮ್ಯಾಟ್ ಲೋವ್ ಕಂಡದ್ದೂ ಇದಕ್ಕೆ ಹೊಂದುತ್ತದೆ. ಬೇರೆ ಜಾತಿಯವರೊಡನೆ ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ದಾಟಿದ ಸ್ನೇಹ ಹೆಚ್ಚಿತು, ಎದುರಾಳಿಗಳಾಗಿ ಆಡಿದವರಲ್ಲಿ ಹಾಗಾಗಲಿಲ್ಲ. ಗುಂಪು ಚಟುವಟಿಕೆಗೆ ಮಕ್ಕಳನ್ನು ಹಂಚುವಾಗ ಇದು ನೆನಪಿರಲಿ.

ಕೊನೆಯದು ಪಾಠ ವೀಕ್ಷಣೆ. ತರಗತಿಯ ಮಾತುಕತೆಯನ್ನು ದಾಖಲಿಸುವ ಫ್ಲ್ಯಾಂಡರ್ಸ್ ಪದ್ಧತಿಯಲ್ಲಿ ಪ್ರತಿ 3 ಸೆಕೆಂಡಿಗೊಂದು ಗುರುತು ಹಾಕಿ 10 ವರ್ಗ ತುಂಬುತ್ತೇವೆ. ಶಿಕ್ಷಕರು ಎಷ್ಟು ಮಾತಾಡಿದರು, ಮಕ್ಕಳು ಎಷ್ಟು ಮಾತಾಡಿದರು ಎಂದು ತಿಳಿಯುತ್ತದೆ, ಯಾವ ಮಗು ಎಂದು ತಿಳಿಯುವುದಿಲ್ಲ. ಆದ್ದರಿಂದ ಹಿಂದೆ ಕೂತ ಗೆಳತಿಗೆ ಬೆಂಚುಗಳ ನಕ್ಷೆ ಬರೆದುಕೊಟ್ಟು, ನಾನು ಪ್ರಶ್ನೆ ಕೇಳಿದ ಮಗುವಿನ ಜಾಗಕ್ಕೆ ಗೀಟು ಹಾಕಲು ಹೇಳಿದೆ. ಮೊದಲ ಸಲ 26 ಪ್ರಶ್ನೆಗಳಲ್ಲಿ 17 ಮುಂದಿನ ಎರಡು ಸಾಲಿಗೆ, ಹಿಂದಿನ ಬೆಂಚುಗಳಿಗೆ 2. ಆರು ವಾರದ ನಂತರ ಮತ್ತೆ ಹಾಕಿಸಿದೆ: 24ರಲ್ಲಿ 7 ಹಿಂದಿನ ಬೆಂಚಿಗೆ. ಸಮಾಧಾನವಾಯಿತು. ಆಗ ಗೆಳತಿ ನಕ್ಷೆಯ ನಡುವೆ, ಬಾಗಿಲ ಪಕ್ಕದ ಬೆಂಚಿನ ಮೇಲೆ ಬೆರಳಿಟ್ಟಳು. ಅಲ್ಲಿ ಮೂವರು ಹುಡುಗಿಯರು ಕೂರುತ್ತಾರೆ, ಗಲಾಟೆ ಇಲ್ಲ, ತೂಕಡಿಕೆ ಇಲ್ಲ. ಒಂದೂ ಗೀಟು ಇರಲಿಲ್ಲ. ಹಳೆಯ ನಕ್ಷೆ ತೆಗೆದು ನೋಡಿದೆ, ಅದರಲ್ಲೂ ಇಲ್ಲ. ಅವರಲ್ಲಿ ಇಬ್ಬರ ಹೆಸರು ಹೇಳಲು ನಾನು ಹಾಜರಿ ಪುಸ್ತಕ ತೆರೆಯಬೇಕಾಯಿತು.