ಇನಿಟ್‌ರ‍್ಯಾಮ್‌ಎಫ್‌ಎಸ್: ಅಪ್‌ಗ್ರೇಡ್ ಆದ ಮೇಲೆ ಲಿನಕ್ಸ್ ಏಳದಿದ್ದರೆ ಮೊದಲು ಅನುಮಾನಿಸಬೇಕಾದ ಕಡತ

ಲಿನಕ್ಸ್ ಕಂಪ್ಯೂಟರನ್ನು ಅಪ್‌ಗ್ರೇಡ್ ಮಾಡಿ ರೀಸ್ಟಾರ್ಟ್ ಕೊಟ್ಟಾಗ ಕೆಲವೊಮ್ಮೆ ಕಪ್ಪು ಪರದೆಯ ಮೇಲೆ ‘ಕರ್ನಲ್ ಪ್ಯಾನಿಕ್’ (ಲಿನಕ್ಸಿನ ತಿರುಳಾದ ಕರ್ನಲ್ ಮುಂದೆ ಹೋಗಲಾರದೆ ಕೈಚೆಲ್ಲಿದೆ ಎಂದರ್ಥ) ಎಂಬ ಸಾಲು ಬಂದು ಅಲ್ಲೇ ನಿಂತುಬಿಡುತ್ತದೆ. ಇಲ್ಲವೇ ಆವರಣ ಚಿಹ್ನೆಯೊಳಗೆ ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಎಂದು ಬರೆದಿರುವ ಪ್ರಾಂಪ್ಟ್ ಒಂದು ಕಾಣಿಸಿ, ನೀವೇನಾದರೂ ಟೈಪ್ ಮಾಡಲಿ ಎಂದು ಕಾಯುತ್ತದೆ. ಹಾರ್ಡ್‌ಡಿಸ್ಕೇ ಹೋಯಿತು, ಫೋಟೊ-ಫೈಲು ಎಲ್ಲ ಮುಗಿಯಿತು ಎಂದು ಜನ ಹೆದರುವುದು ಇಲ್ಲೇ. ಆದರೆ ನಿನ್ನೆಯವರೆಗೂ ಚೆನ್ನಾಗಿದ್ದ ಮೆಷಿನ್ ಅಪ್‌ಗ್ರೇಡ್ ಆದ ಕೂಡಲೇ ಹೀಗೆ ಮಾಡಿದರೆ ಡಿಸ್ಕಿಗಿಂತ ಮೊದಲು ಅನುಮಾನಿಸಬೇಕಾದದ್ದು ಬೂಟ್ ಫೋಲ್ಡರಿನಲ್ಲಿರುವ ಒಂದು ಕಡತವನ್ನು. ಅದೇ ಇನಿಟ್‌ರ‍್ಯಾಮ್‌ಎಫ್‌ಎಸ್.

ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ಮದರ್‌ಬೋರ್ಡಿನಲ್ಲೇ ಇರುವ ಯುಇಎಫ್‌ಐ ಎಂಬ ಆರಂಭಿಕ ಪ್ರೋಗ್ರಾಮ್. ಅದು ಗ್ರಬ್ ಎಂಬ ಬೂಟ್‌ಲೋಡರಿಗೆ ಕೆಲಸ ವಹಿಸುತ್ತದೆ. ಗ್ರಬ್ ಎರಡು ಕಡತಗಳನ್ನು ಡಿಸ್ಕಿನಿಂದ ಎತ್ತಿ ಮೆಮೊರಿಗೆ ತುಂಬುತ್ತದೆ: ಒಂದು ಕರ್ನಲ್, ಇನ್ನೊಂದು ಇನಿಟ್‌ರ‍್ಯಾಮ್‌ಎಫ್‌ಎಸ್. ಕರ್ನಲ್ ಮುಂದೆ ಮಾಡಬೇಕಾದದ್ದು ರೂಟ್ ಪಾರ್ಟಿಷನ್ನನ್ನು (ಇಡೀ ಸಿಸ್ಟಮ್ ಇರುವ ಡಿಸ್ಕಿನ ಭಾಗ) ಹುಡುಕಿ ಮೌಂಟ್ ಮಾಡುವುದು, ಅಂದರೆ ಬಳಕೆಗೆ ತೆರೆದುಕೊಳ್ಳುವುದು. ಆ ಪಾರ್ಟಿಷನ್ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಯಲ್ಲಿರಬಹುದು, ಡಿಸ್ಕಿನ ಜಾಗವನ್ನು ಬೇಕಾದಂತೆ ಹಂಚುವ ಎಲ್‌ವಿಎಂ ಒಳಗಿರಬಹುದು, ಎನ್‌ಕ್ರಿಪ್ಟ್ ಆಗಿರಬಹುದು. ಅದನ್ನು ತೆರೆಯಲು ಬೇಕಾದ ಡ್ರೈವರ್ ಮಾಡ್ಯೂಲ್‌ಗಳು (ಕರ್ನಲ್ ಬೇಕಾದಾಗ ಸೇರಿಸಿಕೊಳ್ಳುವ ತುಣುಕುಗಳು) ಇರುವುದೋ ಅದೇ ಪಾರ್ಟಿಷನ್ನಿನ ಒಳಗೆ. ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದ ಹಾಗೆ.

ಈ ಗಂಟನ್ನು ಬಿಡಿಸಲು ಬೇಕಾದಷ್ಟು ಡ್ರೈವರುಗಳು, ಕೆಲವು ಸಣ್ಣ ಪ್ರೋಗ್ರಾಮುಗಳು, ‘ಇನಿಟ್’ ಎಂಬ ಒಂದು ಸ್ಕ್ರಿಪ್ಟ್ ಅಥವಾ ಪ್ರೋಗ್ರಾಮ್ ಇವನ್ನೆಲ್ಲ ಸೇರಿಸಿ ಒಂದು ‘ಸಿಪಿಐಒ’ ಆರ್ಕೈವ್ ಕಟ್ಟಿ, ಸಾಮಾನ್ಯವಾಗಿ ಜಿಜಿಪ್ ಅಥವಾ ಝಡ್‌ಸ್ಟ್ಯಾಂಡರ್ಡ್‌ನಂಥ ವಿಧಾನದಲ್ಲಿ ಕಂಪ್ರೆಸ್ ಮಾಡಿ ಇಟ್ಟಿರುತ್ತಾರೆ. ಕರ್ನಲ್ ಅದನ್ನು ಮೆಮೊರಿಯಲ್ಲೇ ಬಿಚ್ಚಿ, ಅದನ್ನೇ ತಾತ್ಕಾಲಿಕ ರೂಟ್ ಎಂದುಕೊಂಡು ಒಳಗಿನ ‘ಇನಿಟ್’ ಅನ್ನು ಓಡಿಸುತ್ತದೆ. ಅದು ನಿಜವಾದ ರೂಟನ್ನು ಹುಡುಕಿ ಮೌಂಟ್ ಮಾಡಿ, ನಿಯಂತ್ರಣವನ್ನು ಉಳಿದ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿಗೆ ಒಪ್ಪಿಸಿ ಪಕ್ಕಕ್ಕೆ ಸರಿಯುತ್ತದೆ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದವರಿಗೆ ಬೂಟ್ ಆಗುವಾಗ ಪಾಸ್‌ವರ್ಡ್ ಕೇಳುವುದೂ ಬಹುತೇಕ ಇದರೊಳಗಿನಿಂದಲೇ. ಇದಕ್ಕೂ ಮೊದಲು ‘ಇನಿಟ್‌ಆರ್‌ಡಿ’ ಎಂಬ ಹಳೆಯ ವ್ಯವಸ್ಥೆಯಿತ್ತು, ಅದರಲ್ಲಿ ಇಡೀ ಡಿಸ್ಕ್ ಇಮೇಜನ್ನೇ ಮೆಮೊರಿಗೆ ತರುತ್ತಿದ್ದರು. 2003ರ ಡಿಸೆಂಬರಿನಲ್ಲಿ ಬಂದ 2.6 ಕರ್ನಲ್ ಸರಣಿಯಿಂದ ಈಚೆಗೆ ಹೊಸ ಪದ್ಧತಿ ನೆಲೆಯೂರಿತು. ಆದರೂ ಡೆಬಿಯನ್, ಉಬುಂಟುಗಳಲ್ಲಿ ಆ ಕಡತದ ಹೆಸರು ಇವತ್ತಿಗೂ ‘ಇನಿಟ್‌ಆರ್‌ಡಿ’ ಎಂದೇ ಶುರುವಾಗುತ್ತದೆ. ಹೆಸರು ನೋಡಿ ಗಾಬರಿಯಾಗಬೇಡಿ.

ಅಪ್‌ಗ್ರೇಡಿನಲ್ಲಿ ಕೈಕೊಡುವುದು ಹೆಚ್ಚಾಗಿ ಇದೇ ಯಾಕೆ? ಡಿಸ್ಟ್ರೋ (ಡೆಬಿಯನ್, ಉಬುಂಟುವಿನಂಥ ಲಿನಕ್ಸ್ ವಿತರಣೆ) ಕೊಡುವ ಕರ್ನಲ್ ಎಲ್ಲರಿಗೂ ಒಂದೇ. ಕಂಪೈಲ್ ಆಗಿ, ಪರೀಕ್ಷೆಯಾಗಿ ಪ್ಯಾಕೇಜಿನಲ್ಲಿ ಸಿದ್ಧವಾಗಿ ಬರುತ್ತದೆ. ಇನಿಟ್‌ರ‍್ಯಾಮ್‌ಎಫ್‌ಎಸ್ ಹಾಗೆ ಸಾಮಾನ್ಯವಾಗಿ ಡೌನ್‌ಲೋಡ್ ಆಗುವುದಿಲ್ಲ. ಅಪ್‌ಗ್ರೇಡಿನ ಕೊನೆಯ ಹಂತದಲ್ಲಿ ನಿಮ್ಮ ಮೆಷಿನ್ನಿನ ಮೇಲೆಯೇ, ನಿಮ್ಮ ಡಿಸ್ಕು-ಸೆಟ್ಟಿಂಗು ನೋಡಿಕೊಂಡು ತಯಾರಾಗುತ್ತದೆ. ಡೆಬಿಯನ್‌ನಲ್ಲಿ ಇನಿಟ್‌ರ‍್ಯಾಮ್‌ಎಫ್‌ಎಸ್-ಟೂಲ್ಸ್, ಫೆಡೋರಾದಲ್ಲಿ ಡ್ರಾಕಟ್, ಆರ್ಚ್‌ನಲ್ಲಿ ಎಂಕೆಇನಿಟ್‌ಸಿಪಿಐಒ ಈ ಕೆಲಸ ಮಾಡುತ್ತವೆ. ಜಾಗ ಸಾಲದಿದ್ದರೆ, ನಡುವೆ ಕರೆಂಟ್ ಹೋದರೆ, ಕಾನ್ಫಿಗ್ ಕಡತದಲ್ಲಿ ಒಂದು ಸಾಲು ತಪ್ಪಿದ್ದರೆ ಪೆಟ್ಟು ಬೀಳುವುದು ಇದಕ್ಕೆ. ಪ್ರತಿ ಕರ್ನಲ್ ಆವೃತ್ತಿಗೂ ಅದರದ್ದೇ ಜೋಡಿ ಬೇಕು; ಒಂದು ಆವೃತ್ತಿಯ ಮಾಡ್ಯೂಲನ್ನು ಇನ್ನೊಂದು ಆವೃತ್ತಿಯ ಕರ್ನಲ್ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಜಾಗದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎನ್‌ಕ್ರಿಪ್ಶನ್ ಅಥವಾ ಎಲ್‌ವಿಎಂ ಬಳಸಿದ ಅನೇಕ ಮೆಷಿನ್‌ಗಳಲ್ಲಿ ಬೂಟ್‌ಗೆ ಪ್ರತ್ಯೇಕವಾದ ಚಿಕ್ಕ ಪಾರ್ಟಿಷನ್ ಇರುತ್ತದೆ. ಒಂದೊಂದು ಇನಿಟ್‌ರ‍್ಯಾಮ್‌ಎಫ್‌ಎಸ್ ಹತ್ತಾರು ಎಂಬಿ ತಿನ್ನುತ್ತದೆ, ಗ್ರಾಫಿಕ್ಸ್ ಫರ್ಮ್‌ವೇರ್ ಸೇರಿದರೆ ನೂರು ದಾಟುವುದೂ ಉಂಟು. ಹಳೆಯ ಕರ್ನಲ್‌ಗಳನ್ನು ತೆಗೆಯದೆ ಬಿಟ್ಟರೆ ಒಂದು ದಿನ ಜಾಗ ಮುಗಿಯುತ್ತದೆ. ಆಗ ಹೊಸ ಕರ್ನಲ್ ಕಡತ ಬಂದು ಕೂತಿರುತ್ತದೆ, ಅದರ ಜೋಡಿ ಮಾತ್ರ ತಯಾರಾಗಿರುವುದಿಲ್ಲ. ಅಪ್‌ಗ್ರೇಡ್ ಹೊತ್ತಿನಲ್ಲಿ ಟರ್ಮಿನಲ್ ‘ಡಿವೈಸಿನಲ್ಲಿ ಜಾಗವಿಲ್ಲ’ ಎಂದು ಹೇಳಿಯೇ ಇರುತ್ತದೆ, ಆದರೆ ನೂರಾರು ಸಾಲುಗಳ ನಡುವೆ ಅದನ್ನು ಓದುವವರು ಯಾರು! ಮುಂದೆ ಯಾವಾಗಲೋ ಗ್ರಬ್ ತನ್ನ ಪಟ್ಟಿಯನ್ನು ಹೊಸದಾಗಿ ಬರೆದುಕೊಂಡಾಗ ಆ ಒಂಟಿ ಕರ್ನಲ್ಲೇ ಪಟ್ಟಿಯ ತುದಿಗೆ ಬರುತ್ತದೆ.

ಹಾಗಾದಾಗ ಬರುವ ಪ್ಯಾನಿಕ್ ಸಂದೇಶದ ಕೊನೆಯಲ್ಲಿ ‘ಅನ್‌ನೋನ್-ಬ್ಲಾಕ್(0,0)’ ಎಂದಿರುತ್ತದೆ. ಆ ಎರಡು ಸೊನ್ನೆಗಳು ಬಹಳ ಮುಖ್ಯ. ರೂಟ್ ಯಾವ ಡಿವೈಸ್ ಎಂಬುದೇ ಕರ್ನಲ್‌ಗೆ ತಿಳಿದಿಲ್ಲ ಎಂದು ಅದರ ಅರ್ಥ. ಗ್ರಬ್ ಸಾಮಾನ್ಯವಾಗಿ ರೂಟನ್ನು ಫೈಲ್ ಸಿಸ್ಟಮ್ಮಿನ ಯುಯುಐಡಿ (ಅದಕ್ಕಷ್ಟೇ ಸೇರಿದ ಉದ್ದನೆಯ ಗುರುತಿನ ಸಂಖ್ಯೆ) ಹೇಳಿ ತೋರಿಸುತ್ತದೆ. ಆ ಯುಯುಐಡಿಯನ್ನು ಡಿಸ್ಕಿನೊಂದಿಗೆ ಹೊಂದಿಸಿ ನೋಡುವ ವಿದ್ಯೆ ಕರ್ನಲ್‌ಗೆ ಸ್ವಂತವಾಗಿ ಬರುವುದಿಲ್ಲ, ಇನಿಟ್‌ರ‍್ಯಾಮ್‌ಎಫ್‌ಎಸ್ ಒಳಗಿನ ಪ್ರೋಗ್ರಾಮುಗಳೇ ಅದನ್ನು ಮಾಡಬೇಕು. ಹಾಗಾಗಿ ಸೊನ್ನೆ-ಸೊನ್ನೆ ಕಂಡರೆ ಇನಿಟ್‌ರ‍್ಯಾಮ್‌ಎಫ್‌ಎಸ್ ಇಲ್ಲವೇ ಇಲ್ಲ, ಅಥವಾ ಅರ್ಧಂಬರ್ಧ ಇದೆ ಎಂದು ಮೊದಲು ಅನುಮಾನಿಸಬಹುದು. ಸೊನ್ನೆಗಳ ಬದಲು (8,1) ಎಂದಿದ್ದರೆ ಕಥೆ ಬೇರೆ: ಮೊದಲ ಡಿಸ್ಕಿನ ಮೊದಲ ಪಾರ್ಟಿಷನ್ ಗೊತ್ತಾಗಿದೆ, ಮೌಂಟ್ ಮಾಡಲು ಮಾತ್ರ ಆಗಿಲ್ಲ.

ಪ್ಯಾನಿಕ್ ಬದಲು ಪ್ರಾಂಪ್ಟ್ ಬಂದಿದ್ದರೆ ಅದು ಒಂದು ಲೆಕ್ಕಕ್ಕೆ ಶುಭಸುದ್ದಿ. ಇನಿಟ್‌ರ‍್ಯಾಮ್‌ಎಫ್‌ಎಸ್ ಸರಿಯಾಗಿ ಬಿಚ್ಚಿಕೊಂಡು ಓಡುತ್ತಿದೆ, ರೂಟ್ ಮಾತ್ರ ಸಿಕ್ಕಿಲ್ಲ. ಅಲ್ಲಿರುವುದು ಬ್ಯುಸಿಬಾಕ್ಸ್ ಎಂಬ ಪುಟ್ಟ ಶೆಲ್. ಕೆಲವೇ ಕಮಾಂಡ್‌ಗಳು ಕೆಲಸ ಮಾಡುತ್ತವೆ, ಆದರೆ ಸಾಕು. ‘ಬಿಎಲ್‌ಕೆಐಡಿ’ ಕೊಟ್ಟರೆ ಕಂಡಿರುವ ಪಾರ್ಟಿಷನ್‌ಗಳೂ ಅವುಗಳ ಯುಯುಐಡಿಗಳೂ ಬರುತ್ತವೆ. ‘ಪ್ರಾಕ್’ ಫೋಲ್ಡರಿನ ‘ಸಿಎಂಡಿಲೈನ್’ ಕಡತ ಓದಿದರೆ ಗ್ರಬ್ ಕೇಳಿದ ಯುಯುಐಡಿ ಯಾವುದೆಂದು ತಿಳಿಯುತ್ತದೆ. ಎರಡೂ ತಾಳೆಯಾಗದಿದ್ದರೆ ತಪ್ಪು ವಿಳಾಸ. ಡಿಸ್ಕೇ ಪಟ್ಟಿಯಲ್ಲಿ ಇಲ್ಲದಿದ್ದರೆ ಡ್ರೈವರ್ ಸೇರಿಲ್ಲ, ಇಲ್ಲವೇ ಡಿಸ್ಕಿಗೇ ನಿಜವಾಗಿ ಏನೋ ಆಗಿದೆ. ವಿಳಾಸ ಸರಿಯಿದ್ದು, ಮೇಲಿನ ಸಾಲುಗಳಲ್ಲಿ ಫೈಲ್ ಸಿಸ್ಟಮ್ ಪರೀಕ್ಷಿಸಿ ಸರಿಪಡಿಸುವ ‘ಎಫ್‌ಎಸ್‌ಸಿಕೆ’ಯನ್ನು ಕೈಯಾರೆ ಓಡಿಸಿ ಎಂದಿದ್ದರೆ ಅದೇ ಪ್ರಾಂಪ್ಟಿನಲ್ಲಿ ಆ ಪಾರ್ಟಿಷನ್ ಮೇಲೆ ಓಡಿಸಿ ‘ಎಕ್ಸಿಟ್’ ಎಂದರೆ ಹೆಚ್ಚಿನ ಸಲ ಬೂಟ್ ಮುಂದುವರಿಯುತ್ತದೆ. ಈ ಕೊನೆಯದಕ್ಕೆ ಸಾಮಾನ್ಯವಾಗಿ ಅಪ್‌ಗ್ರೇಡ್ ಕಾರಣವಲ್ಲ. ಎಂದೋ ಕೆಟ್ಟದ್ದು ರೀಸ್ಟಾರ್ಟ್ ಆದಾಗ ಹೊರಬಿದ್ದಿದೆ ಅಷ್ಟೆ.

ಇನ್ನು ರಿಪೇರಿ. ಮೊದಲು ಮಾಡಬೇಕಾದದ್ದು ಹಳೆಯ ಕರ್ನಲ್‌ನಿಂದ ಬೂಟ್ ಮಾಡುವುದು. ಉಬುಂಟುವಿನಲ್ಲಿ ಆನ್ ಮಾಡಿದ ಕೂಡಲೇ ಎಸ್ಕೇಪ್ ಕೀ ಒತ್ತಿದರೆ (ಹಳೆಯ ಬಯಾಸ್ ಮೆಷಿನ್ನಿನಲ್ಲಿ ಶಿಫ್ಟ್ ಹಿಡಿದರೆ) ಗ್ರಬ್ ಪಟ್ಟಿ ಬರುತ್ತದೆ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಿಂದಿನ ಆವೃತ್ತಿ ಇರುತ್ತದೆ. ಅದರ ಜೋಡಿ ಕಡತ ಪ್ರತ್ಯೇಕವಾಗಿರುವುದರಿಂದ ಹೊಸದರ ಗೋಜಲು ಅದಕ್ಕೆ ತಟ್ಟುವುದಿಲ್ಲ. ಫೆಡೋರಾದಲ್ಲಿ ‘ರೆಸ್ಕ್ಯೂ’ ಎಂಬ ಸಾಲೂ ಇರುತ್ತದೆ. ಮಾಮೂಲಿ ಇಮೇಜಿನಲ್ಲಿ ಆ ಮೆಷಿನ್ನಿಗೆ ಬೇಕಾದ ಡ್ರೈವರ್‌ಗಳಷ್ಟೇ ಇದ್ದರೆ ರೆಸ್ಕ್ಯೂ ಇಮೇಜಿನಲ್ಲಿ ಎಲ್ಲ ಬಗೆಯ ಮೆಷಿನ್ನಿಗೂ ಬೇಕಾದವು ತುಂಬಿರುತ್ತವೆ. ಒಳಗೆ ಹೋದ ಮೇಲೆ ಡೆಬಿಯನ್, ಉಬುಂಟುಗಳಲ್ಲಾದರೆ ‘ಆಪ್ಟ್ ಆಟೊರಿಮೂವ್’ ಕೊಟ್ಟು ಬೂಟ್ ಪಾರ್ಟಿಷನ್ನಿನಲ್ಲಿ ಜಾಗ ಮಾಡಿಕೊಂಡು, ‘ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್’ ಕಮಾಂಡಿನಿಂದ ಹೊಸ ಆವೃತ್ತಿಗೆ ಜೋಡಿ ತಯಾರಿಸಿ, ‘ಅಪ್‌ಡೇಟ್-ಗ್ರಬ್’ ಓಡಿಸಿದರೆ ಮುಗಿಯಿತು. ಬೂಟ್ ಫೋಲ್ಡರಿಗೆ ಹೋಗಿ ಕಡತಗಳನ್ನು ಕೈಯಿಂದ ಅಳಿಸಲು ಹೋಗಬೇಡಿ. ಪ್ಯಾಕೇಜ್ ಮ್ಯಾನೇಜರ್‌ಗೆ ಅದು ಗೊತ್ತಾಗದೆ ಇನ್ನೊಂದು ತಲೆನೋವು ಹುಟ್ಟುತ್ತದೆ.

ಹಳೆಯ ಕರ್ನಲ್ ಇಲ್ಲದಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ನಿಮ್ಮ ರೂಟ್, ಬೂಟ್ ಮತ್ತು ಇಎಫ್‌ಐ ಪಾರ್ಟಿಷನ್‌ಗಳನ್ನು ಮೌಂಟ್ ಮಾಡಿ, ‘ಡೆವ್’, ‘ಪ್ರಾಕ್’, ‘ಸಿಸ್’ ಫೋಲ್ಡರುಗಳನ್ನು ಬೈಂಡ್ ಮಾಡಿ, ‘ಸಿಎಚ್-ರೂಟ್’ ಮೂಲಕ (ನಿಮ್ಮ ಡಿಸ್ಕಿನ ಸಿಸ್ಟಮ್ಮನ್ನೇ ರೂಟ್ ಮಾಡಿಕೊಂಡು) ಒಳಹೋಗಿ ಇದೇ ಕೆಲಸ ಮಾಡಬೇಕು. ಎಡವುವ ಜಾಗಗಳು ಇಲ್ಲಿ ಎರಡು. ‘ಯುನೇಮ್’ ಹೇಳುವುದು ಪೆನ್‌ಡ್ರೈವಿನ ಕರ್ನಲ್ ಆವೃತ್ತಿಯನ್ನು, ನಿಮ್ಮದನ್ನಲ್ಲ. ಆವೃತ್ತಿಯ ಹೆಸರನ್ನು ‘ಲಿಬ್/ಮಾಡ್ಯೂಲ್ಸ್’ ಫೋಲ್ಡರಿನಲ್ಲಿ ನೋಡಿ ಬರೆದುಕೊಡಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಅದನ್ನು ತೆರೆಯುವಾಗ ‘ಕ್ರಿಪ್ಟ್‌ಟ್ಯಾಬ್’ ಕಡತದಲ್ಲಿರುವ ಹೆಸರನ್ನೇ ಕೊಡಿ, ಇಲ್ಲದಿದ್ದರೆ ಹೊಸ ಇಮೇಜಿನಲ್ಲಿ ಪಾಸ್‌ವರ್ಡ್ ಕೇಳುವ ಭಾಗವೇ ಬಿಟ್ಟುಹೋಗಬಹುದು.

ಆರ್ಚ್ ಬಳಸುವವರಿಗೆ ಇದರ ತಿರುವುಮುರುವು ರೂಪವೂ ಪರಿಚಯ. ಬೂಟ್ ಪಾರ್ಟಿಷನ್ ಮೌಂಟ್ ಆಗದೇ ಇರುವಾಗ ಅಪ್‌ಗ್ರೇಡ್ ಮಾಡಿದರೆ ಹೊಸ ಕರ್ನಲ್ ಬರಿದಾದ ಫೋಲ್ಡರಿಗೆ ಬೀಳುತ್ತದೆ, ನಿಜವಾದ ಪಾರ್ಟಿಷನ್ನಿನಲ್ಲಿ ಹಳೆಯ ಜೋಡಿಯೇ ಉಳಿಯುತ್ತದೆ. ಆ ಜೋಡಿ ರೂಟನ್ನೇನೋ ಹಿಡಿಯುತ್ತದೆ, ಆದರೆ ಹಳೆಯ ಆವೃತ್ತಿಯ ಮಾಡ್ಯೂಲ್‌ಗಳು ಅಷ್ಟರಲ್ಲಿ ಅಳಿಸಿಹೋಗಿರುತ್ತವೆ. ಬೂಟ್ ಪಾರ್ಟಿಷನ್ ಬಳಸುವ ಎಫ್‌ಎಟಿ ಫೈಲ್ ಸಿಸ್ಟಮ್ ಗೊತ್ತಿಲ್ಲ ಎಂಬ ವಿಚಿತ್ರ ದೂರು ಬಂದು ಎಮರ್ಜೆನ್ಸಿ ಮೋಡ್‌ನಲ್ಲಿ ನಿಲ್ಲುವುದು ಹೀಗೆ.

ಹಾಗಂತ ಎಲ್ಲ ತೊಂದರೆಗೂ ಇದೇ ಕಾರಣವಲ್ಲ. ಡಿಸ್ಟ್ರೋ ಲೋಗೊ ಬಂದು, ಸೇವೆಗಳು ಒಂದೊಂದಾಗಿ ಶುರುವಾಗಿ, ಲಾಗಿನ್ ಬರುವ ಹೊತ್ತಿಗೆ ಪರದೆ ಕಪ್ಪಾದರೆ ರೂಟ್ ಆಗಲೇ ಸಿಕ್ಕಿದೆ. ಹುಡುಕಬೇಕಾದದ್ದು ಗ್ರಾಫಿಕ್ಸ್ ಡ್ರೈವರಿನ ಕಡೆ. ಗ್ರಬ್ ಪಟ್ಟಿಯೇ ಬಾರದೆ ‘ಗ್ರಬ್ ರೆಸ್ಕ್ಯೂ’ ಎಂದು ನಿಂತರೆ ಇನಿಟ್‌ರ‍್ಯಾಮ್‌ಎಫ್‌ಎಸ್‌ನ ಸರದಿ ಇನ್ನೂ ಬಂದೇ ಇಲ್ಲ.