ಒಂದೇ ಅಂಕಿ, ಎರಡು ಹಸಿರು

ಫೋಟೊಶಾಪ್‌ನಲ್ಲಿ ಕೆಂಪು, ಹಸಿರು, ನೀಲಿಗೆ (ಆರ್‌ಜಿಬಿ) ಕ್ರಮವಾಗಿ 0, 255, 0 ಎಂದು ಹಾಕಿದರೆ ಯಾವ ಹಸಿರು ಬರುತ್ತದೆ? ‘ಅಪ್ಪಟ ಹಸಿರು’ ಎನ್ನುವವರೇ ಹೆಚ್ಚು. ಹಿಂದೆ ಎರಡು ಕೊಳಗ ರಾಗಿ ಎಂದರೆ ‘ಯಾವೂರ ಕೊಳಗ?’ ಎಂದು ಕೇಳಬೇಕಿತ್ತಂತೆ. ಈ ಅಂಕಿಗಳ ಪಾಡೂ ಅದೇ. ಎಸ್‌ಆರ್‌ಜಿಬಿ, ಅಡೋಬಿ ಆರ್‌ಜಿಬಿ ಎಂಬವು ಇಂಥ ಅಂಕಿಗಳನ್ನು ಬಣ್ಣವಾಗಿ ಓದುವ ಎರಡು ಅಳತೆಗಳು; ಮೊದಲನೆಯದರ 255 ಹಸಿರಿಗಿಂತ ಎರಡನೆಯದರದು ಗಾಢ. ತಮಾಷೆಯೆಂದರೆ ಇವೆರಡರ ಮೂಲ ಕೆಂಪು, ಮೂಲ ನೀಲಿ, ಬಿಳಿ ಎಲ್ಲವೂ ಒಂದೇ. ತಕರಾರೆಲ್ಲ ಹಸಿರಿನದು.

ಕಣ್ಣಿಗೆ ಕಾಣುವ ಬಣ್ಣಗಳಿಗೆಲ್ಲ ನಕ್ಷೆ ಬರೆದದ್ದು 1931ರಲ್ಲಿ, ಸಿಐಇ ಎಂಬ ಅಂತರರಾಷ್ಟ್ರೀಯ ಸಂಸ್ಥೆ. ಅದಕ್ಕೆ ಆಧಾರ ಇಂಗ್ಲೆಂಡಿನಲ್ಲಿ ರೈಟ್ ಮತ್ತು ಗಿಲ್ಡ್ ಪರೀಕ್ಷಿಸಿದ ಬರೀ 17 ಜನರ ಕಣ್ಣು! ಲಾಳದಂಥ ಆ ನಕ್ಷೆಯೊಳಗೆ ಒಂದೊಂದು ಆರ್‌ಜಿಬಿಯೂ ಒಂದೊಂದು ತ್ರಿಕೋನ: ಅದರೊಳಗಿನ ಬಣ್ಣಗಳಷ್ಟೇ ಅದಕ್ಕೆ ದಕ್ಕುವುದು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಅಂದಿನ ಸಾಮಾನ್ಯ ಟ್ಯೂಬ್ ಮಾನಿಟರ್ ನೋಡಿಕೊಂಡು ಎಸ್‌ಆರ್‌ಜಿಬಿ ರೂಪಿಸಿದವು. ಅಡೋಬಿಯದು ಹುಟ್ಟಿದ್ದು ಎಡವಟ್ಟಿನಿಂದ. 1998ರಲ್ಲಿ ಟಿವಿ ಮಾನದಂಡವೊಂದರ ದಾಖಲೆಯಿಂದ ತಪ್ಪು ಅಂಕಿಗಳು ಫೋಟೊಶಾಪ್‌ಗೆ ಸೇರಿಕೊಂಡವು. ಬಳಕೆದಾರರಿಗೆ ಅದೇ ಹಿಡಿಸಿತು, ಕಂಪನಿ ಅದರ ಹೆಸರು ಬದಲಿಸಿ ಉಳಿಸಿಕೊಂಡಿತು.

ಹಿಡಿಸಲು ಕಾರಣವೂ ಇತ್ತು. ಮುದ್ರಣದ ಸಯಾನ್ (ಹಸಿರುನೀಲಿ) ಶಾಯಿಯ ಕೆಲವು ಛಾಯೆಗಳು ಎಸ್‌ಆರ್‌ಜಿಬಿ ತ್ರಿಕೋನದ ಹೊರಗಿವೆ, ಅಡೋಬಿಯ ಒಳಗಿವೆ.

ಹಾಗಾದರೆ ದೊಡ್ಡ ತ್ರಿಕೋನವನ್ನೇ ಆರಿಸಿದರಾಯಿತಲ್ಲ? ಈ ನಂಬಿಕೆ ಕಂಡರೆ ನನಗೆ ರೇಗುತ್ತದೆ. ಎಸ್‌ಆರ್‌ಜಿಬಿಯಲ್ಲಿ 255, 0, 0 ಇರುವ ಧಾರೆ ಸೀರೆಯ ಕೆಂಪನ್ನು ಅಡೋಬಿ ಆರ್‌ಜಿಬಿಯಲ್ಲಿ ಬರೆದರೆ 219, 0, 0 ಆಗುತ್ತದೆ. ಬಣ್ಣ ಅದೇ, ಅಂಕಿ ಮಾತ್ರ ಬೇರೆ. ಯಾವುದೋ ಆ್ಯಪ್ ಫೈಲಿನ ಪ್ರೊಫೈಲನ್ನು (ಅಂಕಿಗಳು ಯಾವ ಅಳತೆಯವು ಎಂದು ಹೇಳುವ ಚೀಟಿ) ಕಿತ್ತೆಸೆದು 219 ಅನ್ನು ಎಸ್‌ಆರ್‌ಜಿಬಿ ಎಂದೇ ಓದಿಕೊಂಡರೆ ಮದುಮಗಳ ಸೀರೆ ಮಂಕಾಗುತ್ತದೆ. ಬೈಗುಳ ಫೋಟೊಗ್ರಾಫರ್‌ಗೆ. ಇನ್ನೂ ದೊಡ್ಡದಾದ ಪ್ರೊಫೋಟೊ ಆರ್‌ಜಿಬಿಯಂತೂ ಯಾವ ಕಣ್ಣೂ ಕಾಣಲಾಗದ ‘ಬಣ್ಣ’ಗಳಿಗೂ ಅಂಕಿ ಮೀಸಲಿಟ್ಟಿದೆ. ಅದರಲ್ಲಿ 8 ಬಿಟ್ ಫೈಲ್ (ಒಂದೊಂದು ಬಣ್ಣಕ್ಕೆ 0ಯಿಂದ 255ರವರೆಗಿನ ಮೆಟ್ಟಿಲುಗಳಷ್ಟೇ ಇರುವುದು) ತಿದ್ದುತ್ತಾ ಹೋದರೆ ಆಕಾಶದ ನೀಲಿ ಪಟ್ಟೆಪಟ್ಟೆಯಾಗಿ ಒಡೆಯಬಹುದು.

ವಾಟ್ಸ್‌ಆ್ಯಪ್‌ಗೋ ವೆಬ್‌ಗೋ ಹೋಗುವ ಚಿತ್ರ ಎಸ್‌ಆರ್‌ಜಿಬಿಯಲ್ಲಿರಲಿ, ಚರ್ಚೆ ಬೇಡ. ಬದಲಿಸುವಾಗ ‘ಕನ್ವರ್ಟ್’ ಒತ್ತಿ: ಅದು ಬಣ್ಣ ಉಳಿಸಿ ಅಂಕಿ ಬದಲಿಸುತ್ತದೆ. ‘ಅಸೈನ್’ ಅಂಕಿ ಉಳಿಸಿ ಬಣ್ಣವನ್ನೇ ಬದಲಿಸಿಬಿಡುತ್ತದೆ.

ಅಚ್ಚಿಗೆ ಹೋಗುವುದಾದರೆ ಲೆಕ್ಕ ಬೇರೆ. ಪರದೆ ಬೆಳಕು ಸೂಸುತ್ತದೆ, ಶಾಯಿ ಬೆಳಕು ನುಂಗುತ್ತದೆ. ಪರದೆಯ ಮೇಲೆ ಹೊಳೆಯುವ 0, 0, 255 ನೀಲಿ ನಾಲ್ಕು ಶಾಯಿಗಳಲ್ಲಿ ಹುಟ್ಟುವುದೇ ಇಲ್ಲ. ಕಾಗದದ ಮೇಲೆ ನೇರಳೆಗೆ ತಿರುಗಿದ ಮಬ್ಬು ಬಣ್ಣ ಬರುತ್ತದೆ. ಎಷ್ಟು ಮಬ್ಬು ಎನ್ನುವುದು ಆರ್ಟ್ ಪೇಪರೋ ನ್ಯೂಸ್‌ಪ್ರಿಂಟೋ ಎಂಬುದರ ಮೇಲೆ. ಆದ್ದರಿಂದ ಮನೆಯಲ್ಲೇ ಸಿಎಂವೈಕೆ, ಅಂದರೆ ನಾಲ್ಕು ಶಾಯಿಗಳ ಲೆಕ್ಕಕ್ಕೆ, ಮಾಡಿ ಕಳಿಸುವ ಮೊದಲು, ಆ ಕಾಗದಕ್ಕೆ ಯಾವ ಪ್ರೊಫೈಲ್ ಎಂದು ಪ್ರೆಸ್ಸಿನವರನ್ನೇ ಕೇಳಿ. ಅವರಲ್ಲಿ ಇಲ್ಲವೆಂದರೆ ಒಂದು ಪ್ರೂಫ್ ತೆಗೆಸಿ ನೋಡಿ.