ಶುಗರ್ ಇರುವ ನಾಯಿ: ಚೀಟಿ ಬರೆದ ಮೇಲೆ ಶುರುವಾಗುವ ಕೆಲಸ

ನಾಯಿಗೆ ಸಕ್ಕರೆ ಕಾಯಿಲೆ ಎಂದು ಖಚಿತವಾದ ದಿನ ಡಾಕ್ಟರು ಇನ್ಸುಲಿನ್‌ಗೆ ಚೀಟಿ ಬರೆದು ಕೊಡುತ್ತಾರೆ. ಮನೆಯವರು ಮೆಡಿಕಲ್ ಸ್ಟೋರಿಗೆ ಹೋಗಿ, ಕವರ್ ಹಿಡಿದು ಮತ್ತೆ ಕ್ಲಿನಿಕ್ಕಿಗೆ ಬರಬೇಕು. ಮೊದಲ ಡೋಸ್ ನಮ್ಮ ಎದುರಿಗೇ ಆಗಬೇಕು, ಅದೂ ಮನೆಯವರ ಕೈಯಿಂದಲೇ. ತುಮಕೂರಿನ ನಮ್ಮ ಕ್ಲಿನಿಕ್ಕಿನಲ್ಲಿ ಇದಕ್ಕೆ ಮುಕ್ಕಾಲು ಗಂಟೆ ಮೀಸಲಿಡುತ್ತೇವೆ. ಇದನ್ನು ನಡೆಸಿಕೊಡುವವರು ಪಶುವೈದ್ಯಕೀಯ ಸಹಾಯಕರು, ಅಂದರೆ ಜನ ಈಗಲೂ ಕಾಂಪೌಂಡರ್ ಎಂದು ಕರೆಯುವವರು. ಅವರ ಮೊದಲ ಕೆಲಸ, ಕವರ್ ಬಿಚ್ಚಿಸಿ ಬಾಟಲಿಯನ್ನೂ ಸಿರಿಂಜನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಎರಡರ ಮೇಲೂ ಏನು ಬರೆದಿದೆ ಎಂದು ಮನೆಯವರಿಂದಲೇ ಓದಿಸುವುದು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮಲ್ಲಿ ಇನ್ಸುಲಿನ್ ಬಾಟಲಿ ಸಾಮಾನ್ಯವಾಗಿ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ: ಒಂದು ಮಿ.ಲೀ.ಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಸಿರಿಂಜ್ ಕೂಡ ಎರಡು ಬಗೆ. ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಬಾಟಲಿಯೂ ಸಿರಿಂಜೂ ಒಂದೇ ಜಾತಿಯದಾಗಿರಬೇಕು. ಡಾಕ್ಟರು 3 ಯೂನಿಟ್ ಎಂದಿದ್ದಾರೆ ಎಂದುಕೊಳ್ಳಿ. 40ರ ಬಾಟಲಿಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 3ರ ಗೆರೆಗೆ ಎಳೆದರೆ ನಾಯಿಗೆ ಹೋಗುವುದು 1.2 ಯೂನಿಟ್ ಮಾತ್ರ. ತಿಂಗಳಾದರೂ ಶುಗರ್ ಇಳಿಯುವುದಿಲ್ಲ, ಔಷಧಿ ಸರಿಯಿಲ್ಲ ಎಂಬ ದೂರು ಬರುತ್ತದೆ. ತಿರುಗಾಮುರುಗಾ ಆದರೆ, ಅಂದರೆ 100ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್ ಹಾಕಿದರೆ, ಅದೇ 3ರ ಗೆರೆಯಲ್ಲಿ 7.5 ಯೂನಿಟ್ ಒಳಗೆ ಹೋಗುತ್ತದೆ. ಹನ್ನೆರಡು ಕೆ.ಜಿ. ನಾಯಿಯ ಜೀವ ತೆಗೆಯಲು ಅಷ್ಟು ಸಾಕು. ಮನೆಯಲ್ಲಿ ಅಜ್ಜನಿಗೋ ಅಮ್ಮನಿಗೋ ಇನ್ಸುಲಿನ್ ನಡೆಯುತ್ತಿದ್ದರೆ ಅಪಾಯ ಇಮ್ಮಡಿ, ಏಕೆಂದರೆ ಎರಡು ಬಗೆಯ ಸಿರಿಂಜೂ ಒಂದೇ ಡಬ್ಬಿಯಲ್ಲಿ ಸೇರಿಹೋಗುತ್ತವೆ. ನಾಯಿಯದ್ದಕ್ಕೆ ಬೇರೆ ಡಬ್ಬಿ ಇಡಿ. ಮುಚ್ಚಳದ ಬಣ್ಣವನ್ನಷ್ಟೇ ನಂಬಬೇಡಿ, ಸಿರಿಂಜಿನ ಮೈಮೇಲೆ ಅಚ್ಚಾದ ಸಂಖ್ಯೆ ನೋಡಿ. ಮೆಡಿಕಲ್ ಸ್ಟೋರಿನವರು ‘ಎರಡೂ ಒಂದೇ ಸಾರ್’ ಎಂದರೆ ಒಪ್ಪಬೇಡಿ.

‘ಮನುಷ್ಯರ ಇನ್ಸುಲಿನ್ ನಾಯಿಗೆ ಆಗುತ್ತದಾ?’ ಎಂದು ಬಹಳ ಜನ ಕೇಳುತ್ತಾರೆ. ಆಗುತ್ತದೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದದ್ದೇ ನಾಯಿಗಳ ಮೇಲೆ ಪ್ರಯೋಗ ಮಾಡಿ. ಮನುಷ್ಯರಿಗೆ ಅದು ಸಿಕ್ಕಿದ್ದು ಆಮೇಲೆ. ನಾಯಿಯ ಇನ್ಸುಲಿನ್‌ಗೂ ಮನುಷ್ಯರದ್ದಕ್ಕೂ ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ. ಆದರೆ ಮನೆಯಲ್ಲಿರುವ ಶುಗರ್ ಮಾತ್ರೆ ನಾಯಿಗೆ ಪ್ರಯೋಜನವಿಲ್ಲ. ನಾಯಿಗಳ ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳೇ ಸಾಮಾನ್ಯವಾಗಿ ಹಾಳಾಗಿರುತ್ತವೆ, ಹಾಗಾಗಿ ಮಾತ್ರೆ ಎಚ್ಚರಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ. ಹಾಗಲಕಾಯಿ ರಸ, ಬೇವು, ಮೆಂತ್ಯದ ನೀರು ಕುಡಿಸುತ್ತಾ ಕಳೆದ ವಾರಗಳು ನಾಯಿಯ ಆಯಸ್ಸಿನಿಂದಲೇ ಕಳೆಯುತ್ತವೆ.

ನಾಯಿಗೆ ಶುರುವಿನಲ್ಲಿ ಎನ್‌ಪಿಎಚ್ ಬಗೆಯ (ಮಧ್ಯಮ ಹೊತ್ತು ಕೆಲಸ ಮಾಡುವ) ಇನ್ಸುಲಿನ್ ಸಾಮಾನ್ಯವಾಗಿ ಕೆ.ಜಿ.ಗೆ ಕಾಲು ಯೂನಿಟ್‌ನಂತೆ ದಿನಕ್ಕೆ ಎರಡು ಬಾರಿ, ಹನ್ನೆರಡು ಗಂಟೆ ಅಂತರದಲ್ಲಿ. ಎಷ್ಟು ಎಂದು ನಿರ್ಧರಿಸುವುದು ಡಾಕ್ಟರು, ಹೇಗೆ ಎಂದು ಕಲಿಸುವುದು ಸಹಾಯಕರು. ಎನ್‌ಪಿಎಚ್ ಬಾಟಲಿ ನಿಂತಾಗ ಬಿಳಿ ಪುಡಿ ತಳಕ್ಕೆ ಇಳಿದಿರುತ್ತದೆ. ಅದನ್ನು ಎರಡು ಅಂಗೈ ನಡುವೆ ಹತ್ತಿಪ್ಪತ್ತು ಸಲ ಮೆಲ್ಲಗೆ ಉರುಳಿಸಬೇಕು. ಕುಲುಕಿದರೆ ನೊರೆ ಬಂದು ಗುಳ್ಳೆಗಳು ಸಿರಿಂಜಿಗೆ ಸೇರುತ್ತವೆ. ಮೂರು ಯೂನಿಟ್‌ನ ಡೋಸಿನಲ್ಲಿ ಒಂದು ಗುಳ್ಳೆ ಒಂದು ಯೂನಿಟ್ ಜಾಗ ನುಂಗಿಬಿಡಬಹುದು. ಉರುಳಿಸಿದ ಮೇಲೂ ಗಂಟು, ಎಳೆ ಕಂಡರೆ ಆ ಬಾಟಲಿ ಬೇಡ.

ಚುಚ್ಚುವ ಜಾಗದಲ್ಲೂ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಲಸಿಕೆ ಹಾಕುವುದನ್ನು ನೋಡಿದವರು ಕತ್ತಿನ ಹಿಂದಿನ ಸಡಿಲ ಚರ್ಮ ಹಿಡಿಯುತ್ತಾರೆ. ಅಲ್ಲಿ ರಕ್ತಸಂಚಾರ ಕಡಿಮೆ, ದಿನಾ ಎರಡು ಸಲ ಚುಚ್ಚಿದರೆ ಚರ್ಮ ದಪ್ಪಗಾಗಿ ಔಷಧಿ ಒಂದೊಂದು ದಿನ ಒಂದೊಂದು ರೀತಿ ಹೀರಲ್ಪಡುತ್ತದೆ. ಪಕ್ಕೆಲುಬಿನಿಂದ ಸೊಂಟದವರೆಗಿನ ಎರಡೂ ಪಕ್ಕ ಒಳ್ಳೆಯದು: ಬೆಳಿಗ್ಗೆ ಎಡಕ್ಕೆ, ಸಂಜೆ ಬಲಕ್ಕೆ, ಪ್ರತಿ ಸಲ ಎರಡು ಬೆರಳು ಆಚೀಚೆ. ಚರ್ಮವನ್ನು ಗುಡಾರದಂತೆ ಎತ್ತಿ, ಅದರ ಬುಡದಲ್ಲಿ ಸೂಜಿ ತೂರಿಸಿ. ತುದಿಗೆ ಚುಚ್ಚಿದರೆ ಸೂಜಿ ಆಚೆ ಬದಿಯಿಂದ ಹೊರಬಂದು ಔಷಧಿ ಕೂದಲಿಗೆ ಹೋಗುತ್ತದೆ. ಪಮೇರಿಯನ್‌ನಂಥ ದಟ್ಟ ಕೂದಲಿನ ನಾಯಿಯಲ್ಲಿ ಇದು ತಿಳಿಯುವುದೇ ಇಲ್ಲ. ಅಂಥವಕ್ಕೆ ಎರಡು ಪಕ್ಕದಲ್ಲೂ ಅಂಗೈಯಗಲ ಕೂದಲು ಬೋಳಿಸಿ ಕಳಿಸುತ್ತೇವೆ. ಕೂದಲು ಒದ್ದೆಯಾಗಿದ್ದು, ಔಷಧಿ ಒಳಗೆ ಹೋಯಿತೋ ಇಲ್ಲವೋ ಎಂಬ ಅನುಮಾನ ಬಂದರೆ ಎರಡನೇ ಸಲ ಚುಚ್ಚಕೂಡದು. ಒಂದು ಡೋಸ್ ತಪ್ಪಿದರೆ ಶುಗರ್ ಅರ್ಧ ದಿನ ಮೇಲಿರುತ್ತದೆ ಅಷ್ಟೆ. ಎರಡು ಡೋಸ್ ಹೋದರೆ ನಾಯಿಯೇ ಉಳಿಯದೆ ಹೋಗಬಹುದು.

ಬಾಟಲಿ ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್ಜಿನ ನಡು ತಟ್ಟೆಯಲ್ಲಿ. ಬಾಗಿಲಿನಲ್ಲಿ ಇಟ್ಟರೆ ತೆರೆದು ಮುಚ್ಚುವಾಗ ಅಲ್ಲಾಡುತ್ತದೆ, ಬಿಸಿಯಾಗುತ್ತದೆ. ಐಸ್ ಪೆಟ್ಟಿಗೆಗೆ ತಾಗಿಕೊಂಡಿದ್ದರೆ ಹೆಪ್ಪುಗಟ್ಟುತ್ತದೆ, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೂ ಕೆಲಸಕ್ಕೆ ಬಾರದು. ಪಾವಗಡ, ಮಧುಗಿರಿ ಕಡೆಯಿಂದ ಬೇಸಿಗೆಯಲ್ಲಿ ಬಸ್ಸಿನಲ್ಲಿ ಬರುವವರು ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಐಸ್‌ಗೆ ನೇರ ತಾಗದಂತೆ ಫ್ಲಾಸ್ಕಿನಲ್ಲಿ ಇಟ್ಟುಕೊಂಡು ಹೋಗಬೇಕು. ಕರೆಂಟ್ ಇಡೀ ದಿನ ಹೋದರೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ನೀರಿನ ಮಣ್ಣಿನ ಮಡಕೆಯಲ್ಲಿ ಇಡಬಹುದು. ಬಾಟಲಿ ತೆರೆದ ತಾರೀಕನ್ನು ಅದರ ಮೇಲೇ ಬರೆಯಿರಿ, 28 ದಿನವಾದ ಮೇಲೆ ಉಳಿದದ್ದನ್ನು ಎಸೆಯಬೇಕು. ಇಲ್ಲಿ ಮನೆಯವರ ಸಂಕಟ ನಮಗೆ ಅರ್ಥವಾಗುತ್ತದೆ: ಹತ್ತು ಮಿ.ಲೀ. ಬಾಟಲಿಯಲ್ಲಿ 400 ಯೂನಿಟ್ ಇದೆ, ದಿನಕ್ಕೆ 6 ಯೂನಿಟ್‌ನಂತೆ 28 ದಿನಕ್ಕೆ ಖರ್ಚಾಗುವುದು 168. ಅರ್ಧಕ್ಕಿಂತ ಹೆಚ್ಚು ಉಳಿದಿರುವಾಗ ಎಸೆಯಲು ಮನಸ್ಸು ಬರುವುದಿಲ್ಲ. ಆದರೆ ಚೆನ್ನಾಗಿದ್ದ ನಾಯಿ ಇದ್ದಕ್ಕಿದ್ದಂತೆ ಮತ್ತೆ ನೀರು ಕುಡಿಯಲು ಶುರುಮಾಡಿದರೆ ನಾವು ಡೋಸ್ ನೋಡುವ ಮೊದಲು ನೋಡುವುದು ಆ ತಾರೀಕನ್ನೇ.

ಊಟದ ವಿಷಯಕ್ಕೆ ಬಂದರೆ, ನಮ್ಮ ಕಡೆ ನಾಯಿಗೆ ರಾಗಿಮುದ್ದೆ, ಹಾಲನ್ನ, ಮೊಸರನ್ನ, ನಡುನಡುವೆ ಬಿಸ್ಕೆಟ್. ರಾಗಿ ಶುಗರ್‌ಗೆ ಒಳ್ಳೆಯದು ಎಂಬ ನಂಬಿಕೆಯಲ್ಲಿ ಮುದ್ದೆಯ ಗಾತ್ರ ಹೆಚ್ಚಿಸುವವರಿದ್ದಾರೆ. ರಾಗಿಯಲ್ಲಿ ನಾರು ಇದೆ ನಿಜ, ಆದರೆ ಮುದ್ದೆಯೂ ಪಿಷ್ಟವೇ. ಮುದ್ದೆ ಬಿಡಿಸುವುದು ನಮ್ಮ ಉದ್ದೇಶವಲ್ಲ. ದಿನಾ ಅದೇ ಗಾತ್ರ, ಅದೇ ಹೊತ್ತು, ಎರಡು ಸಮಪಾಲು ಆಗಿರಲಿ. ಜೊತೆಗೆ ಬೇಯಿಸಿದ ಮೊಟ್ಟೆ, ಚರ್ಮ ತೆಗೆದ ಕೋಳಿ, ಬೀನ್ಸ್ ಅಥವಾ ಕುಂಬಳಕಾಯಿ. ಬಾಡೂಟದ ಕೊಬ್ಬು, ಎಣ್ಣೆಯ ಸಾರು ಮೇದೋಜೀರಕ ಊದಿಸುತ್ತದೆ, ಆಗ ಎಷ್ಟು ಇನ್ಸುಲಿನ್ ಹಾಕಿದರೂ ಶುಗರ್ ಹಿಡಿತಕ್ಕೆ ಸಿಗುವುದಿಲ್ಲ. ನಾಯಿಗೆ ದ್ರಾಕ್ಷಿ ಕೊಡಲೇಬೇಡಿ. ಚಿಕ್ಕಬಳ್ಳಾಪುರದ ಕಡೆ ತೋಟದ ಮನೆಯವರಿಗೆ ಇದನ್ನು ಒತ್ತಿ ಹೇಳಬೇಕು, ಅದು ಕಿಡ್ನಿ ಕೆಡಿಸುತ್ತದೆ. ‘ಶುಗರ್ ಫ್ರೀ’ ಎಂದು ಬರೆದ ಚೂಯಿಂಗ್ ಗಮ್, ಸಿಹಿತಿಂಡಿ ಇನ್ನೂ ಅಪಾಯ: ಅದರಲ್ಲಿ ಕ್ಸೈಲಿಟಾಲ್ ಎಂಬ ಬದಲಿ ಸಿಹಿ ಇದ್ದರೆ ನಾಯಿಯ ಶುಗರ್ ದಿಢೀರ್ ಕುಸಿಯುತ್ತದೆ, ಲಿವರ್ ಹಾಳಾಗುತ್ತದೆ.

ಮೊದಲು ಊಟ, ಆಮೇಲೆ ಇನ್ಸುಲಿನ್. ತಟ್ಟೆ ಖಾಲಿಯಾದದ್ದನ್ನು ಕಣ್ಣಾರೆ ನೋಡಿ ಚುಚ್ಚಿ. ತಿನ್ನದಿದ್ದರೆ, ಅರ್ಧ ಬಿಟ್ಟರೆ, ವಾಂತಿ ಮಾಡಿದರೆ, ಚುಚ್ಚುವ ಮೊದಲು ಫೋನ್ ಮಾಡಿ.

ಶುಗರ್ ಕುಸಿದ ನಾಯಿ ಮೊದಲು ಮಂಕಾಗುತ್ತದೆ, ಕುಡಿದವರಂತೆ ತೂರಾಡುತ್ತದೆ, ನಡುಗುತ್ತದೆ, ಆಮೇಲೆ ಫಿಟ್ಸ್. ಇನ್ಸುಲಿನ್ ಕೊಟ್ಟು ನಾಲ್ಕರಿಂದ ಎಂಟು ಗಂಟೆಯ ನಡುವೆ ಇದು ಹೆಚ್ಚು, ಅಂದರೆ ಮನೆಯವರು ಕೆಲಸಕ್ಕೆ ಹೋಗಿ ನಾಯಿ ಒಂಟಿಯಾಗಿರುವ ಹೊತ್ತು. ಹಾಗಾಗಿ ಮೊದಲ ವಾರ ಮಧ್ಯಾಹ್ನ ಯಾರಾದರೂ ಮನೆಯಲ್ಲಿರಲಿ. ಜೇನುತುಪ್ಪ ಅಥವಾ ಗಟ್ಟಿ ಸಕ್ಕರೆ ಪಾಕ ಒಂದು ದೊಡ್ಡ ಚಮಚದಷ್ಟನ್ನು ಸ್ವಲ್ಪಸ್ವಲ್ಪವಾಗಿ ವಸಡಿಗೆ ಸವರಿ. ಪ್ರಜ್ಞೆ ಇಲ್ಲದ ನಾಯಿಯ ಬಾಯಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಫಿಟ್ಸ್ ಬಂದಾಗ ಹಲ್ಲಿನ ನಡುವೆ ಬೆರಳು ಹಾಕಬೇಡಿ. ಎದ್ದು ಕೂತರೆ ಊಟ ಕೊಟ್ಟು, ಚೇತರಿಸಿಕೊಂಡಿದೆ ಎಂದು ಸುಮ್ಮನಾಗದೆ ಕರೆತನ್ನಿ. ಒಳಗಿರುವ ಇನ್ಸುಲಿನ್ ಇನ್ನೂ ಕೆಲಸ ಮಾಡುತ್ತಲೇ ಇರುತ್ತದೆ.

ಎರಡು ವಾರದ ನಂತರ ಶುಗರ್ ಏರಿಳಿತದ ನಕ್ಷೆ. ಬೆಳಿಗ್ಗೆ ಏಳಕ್ಕೆ ಊಟಕ್ಕೆ ಮೊದಲು ಒಂದು ಸಲ, ಆಮೇಲೆ ಎರಡು ಗಂಟೆಗೊಮ್ಮೆ ಸಂಜೆ ಏಳರವರೆಗೆ, ಒಟ್ಟು ಏಳು ಸಲ ರಕ್ತದ ಹನಿ. ಕ್ಲಿನಿಕ್ಕಿಗಿಂತ ಮನೆಯೇ ವಾಸಿ, ಭಯಕ್ಕೂ ಶುಗರ್ ಏರುತ್ತದೆ. ಕಿವಿಯಂಚಿಗೆ ಬೆಚ್ಚನೆ ಬಟ್ಟೆ ಒತ್ತಿ ಹಿಡಿದು ಚುಚ್ಚಿದರೆ ಹನಿ ಸುಲಭವಾಗಿ ಬರುತ್ತದೆ. ಮನುಷ್ಯರ ಗ್ಲುಕೋಮೀಟರ್ ನಾಯಿಯ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಏಕೆಂದರೆ ಗ್ಲುಕೋಸ್ ಕೆಂಪು ಕಣ ಮತ್ತು ಪ್ಲಾಸ್ಮಾ ನಡುವೆ ಹಂಚಿಕೊಂಡಿರುವ ಪ್ರಮಾಣ ಎರಡು ಜೀವಿಗಳಲ್ಲೂ ಬೇರೆ. ಆದ್ದರಿಂದ ಅದೇ ಮೀಟರ್ ಕ್ಲಿನಿಕ್ಕಿಗೆ ತನ್ನಿ, ನಮ್ಮದರ ಜೊತೆ ಹೋಲಿಸಿ ಅಂತರ ಬರೆದುಕೊಡುತ್ತೇವೆ. ದಿನದ ಅತಿ ಕಡಿಮೆ ಅಂಕಿ 80ರಿಂದ 150ರೊಳಗೆ ಇದ್ದರೆ ಡೋಸ್ ಸರಿ. 80ಕ್ಕಿಂತ ಕೆಳಗಿಳಿದರೆ ಡಾಕ್ಟರು ಇಳಿಸುತ್ತಾರೆ, 150ರ ಮೇಲೇ ನಿಂತರೆ ಹತ್ತರಿಂದ ಇಪ್ಪತ್ತೈದು ಪರ್ಸೆಂಟ್ ಏರಿಸುತ್ತಾರೆ. ಒಂದು ಬೆಳಗಿನ 350 ನೋಡಿ ಗಾಬರಿಯಾಗಿ ಮನೆಯವರೇ ಡೋಸ್ ಏರಿಸಿದಾಗಲೇ ನಾವು ಅತಿ ಹೆಚ್ಚು ಕುಸಿತ ಕಂಡಿರುವುದು. ರಾತ್ರಿ ಶುಗರ್ ತೀರಾ ಇಳಿದು, ಮೈ ತಾನೇ ಅದನ್ನು ಮೇಲಕ್ಕೆಸೆದರೂ ಬೆಳಿಗ್ಗೆ ಅದೇ 350 ಕಾಣುತ್ತದೆ.

ಮೀಟರ್ ಕೊಳ್ಳಲಾಗದ ಮನೆಗಳಿಗೆ ನೀರಿನ ಲೆಕ್ಕ ಸಾಕಷ್ಟು ಹೇಳುತ್ತದೆ. ಬೆಳಿಗ್ಗೆ ಅಳತೆ ಮಾಡಿ ನೀರು ಇಟ್ಟು, ಮಾರನೆಯ ಬೆಳಿಗ್ಗೆ ಉಳಿದದ್ದನ್ನು ಕಳೆಯಿರಿ. ಕೆ.ಜಿ.ಗೆ 100 ಮಿ.ಲೀ. ದಾಟಿದರೆ, ಅಂದರೆ 12 ಕೆ.ಜಿ. ನಾಯಿ 1.2 ಲೀಟರಿಗಿಂತ ಹೆಚ್ಚು ಕುಡಿದರೆ, ಹಿಡಿತ ತಪ್ಪಿದೆ. ಉಚ್ಚೆಗೆ ಇರುವೆ ಮುತ್ತುತ್ತಿವೆಯೇ ಎಂದು ಹಳ್ಳಿಯವರು ನೋಡುವುದೂ ಸರಿಯೇ. ರಕ್ತದ ಶುಗರ್ ಸುಮಾರು 200 ದಾಟಿದಾಗ ಮಾತ್ರ ನಾಯಿಯ ಮೂತ್ರಕ್ಕೆ ಸಕ್ಕರೆ ಇಳಿಯುತ್ತದೆ. ಊಟ ಬಿಟ್ಟು, ವಾಂತಿಯಾಗಿ, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ ಬಂದರೆ ಅದು ಕೀಟೋನ್, ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸುವಾಗ ಹುಟ್ಟುವ ವಸ್ತು. ಆಗ ಮನೆಯಲ್ಲಿ ಮಾಡುವುದೇನೂ ಇಲ್ಲ, ಆ ದಿನವೇ ಡ್ರಿಪ್ ಬೇಕು.

ಹೆಣ್ಣುನಾಯಿಯಾದರೆ ಗರ್ಭಕೋಶದ ಆಪರೇಷನ್ ಮುಂದೂಡಬೇಡಿ. ಬೆದೆ ಮುಗಿದ ಮೇಲೆ ಏರುವ ಪ್ರೊಜೆಸ್ಟರಾನ್ ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಆಪರೇಷನ್ ಆದ ಮೇಲೆ ಡೋಸ್ ಬೇಗ ಇಳಿಸಬೇಕಾಗುವುದರಿಂದ ಆ ವಾರಗಳಲ್ಲಿ ದಿನಾ ಫೋನಿನಲ್ಲಿರುತ್ತೇವೆ. ಕೆರೆತಕ್ಕೆ ಎಲ್ಲೋ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದ್ದರೆ ಮುಚ್ಚಿಡದೆ ಹೇಳಿ, ಅದೂ ಇನ್ಸುಲಿನ್‌ಗೆ ಹಾಗೇ ಅಡ್ಡಿ ಮಾಡುತ್ತದೆ. ಕಣ್ಣಿನ ಪೊರೆ ಬಹುತೇಕ ನಾಯಿಗಳಿಗೆ ಬರುತ್ತದೆ, ಡ್ರಾಪ್ಸ್ ಹಾಕಿದರೆ ಕರಗುವುದಿಲ್ಲ. ಬೆಕ್ಕಿನ ಕಥೆ ಬೇರೆ: ದಪ್ಪ ಬೆಕ್ಕಿಗೆ ಬೇಗ ಇನ್ಸುಲಿನ್ ಕೊಟ್ಟು, ಅನ್ನ ಬಿಡಿಸಿ ಮಾಂಸದೂಟಕ್ಕೆ ತಂದರೆ, ಕೆಲವು ಬೆಕ್ಕುಗಳಿಗೆ ಕೆಲವು ತಿಂಗಳಲ್ಲಿ ಇನ್ಸುಲಿನ್ನೇ ಬೇಡವಾಗಬಹುದು.

ಬ್ರಿಟನ್ನಿನಲ್ಲಿ ನೋಂದಾಯಿತ ವೆಟರಿನರಿ ನರ್ಸ್‌ಗಳು ಇಂಥ ಕ್ಲಿನಿಕ್ ನಡೆಸುತ್ತಾರೆ. ನಮ್ಮಲ್ಲಿ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ, ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಇರುವ ಸಹಾಯಕರು ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ಮಾಡಬಹುದು. ರೋಗ ನಿರ್ಧಾರ, ಡೋಸ್ ಬದಲಾವಣೆ ಅವರ ಕೆಲಸವಲ್ಲ. ತೂಕ ನೋಡುವುದು, ಸೂಜಿ ಹಿಡಿಯಲು ಕಲಿಸುವುದು, ಮೂರನೇ ದಿನ ಫೋನ್ ಮಾಡಿ ವಿಚಾರಿಸುವುದು, ಪುಸ್ತಕ ತಿದ್ದುವುದು ಅವರದು. ಇದಕ್ಕೆ ಬೇಕಾದ ತಾಳ್ಮೆ ಹೊರರೋಗಿಗಳ ಸಾಲು ಕಾಯುತ್ತಿರುವ ಡಾಕ್ಟರಿಗೆ ಇರುವುದಿಲ್ಲ, ಇದ್ದರೂ ಹೊತ್ತಿರುವುದಿಲ್ಲ.

ಪುಸ್ತಕ ಎಂದರೆ ಮಕ್ಕಳ ಇನ್ನೂರು ಪುಟದ ನೋಟ್‌ಬುಕ್. ಒಂದು ದಿನಕ್ಕೆ ಎರಡು ಸಾಲು: ಹೊತ್ತು, ಎಷ್ಟು ತಿಂದಿತು, ಎಷ್ಟು ಯೂನಿಟ್, ಯಾವ ಪಕ್ಕ, ನೀರು, ಚುಚ್ಚಿದವರ ಹೆಸರು. ಕೊನೆಯ ಕಲಂ ಬಿಡಲೇಬೇಡಿ. ಅಪ್ಪ ಚುಚ್ಚಿದ್ದು ಗೊತ್ತಿಲ್ಲದೆ ಮಗಳೂ ಚುಚ್ಚುವುದು ಆಗ ತಪ್ಪುತ್ತದೆ. ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬದಲ್ಲಿ ತುಂಬಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಪುಸ್ತಕದ ಜೊತೆಗೆ ಕ್ಲಿನಿಕ್ಕಿಗೆ ತನ್ನಿ. ಕಸದ ಗಾಡಿಯವರ ಕೈಗೆ ಅದು ಹೋಗಬಾರದು.